ಗಾಡಿಗೊಂದು ಪ್ರದಕ್ಷಿಣೆ

ಕೇಳುಗರಿಗೆಲ್ಲ ನಮಸ್ಕಾರ.

ವಿದೇಶದಲ್ಲಿ ಮೋಟರ್‌ಹೋಮ್ ಪ್ರವಾಸ ಹೋಗುವವರಿಗೆ ಒಂದಿಷ್ಟು ಸಲಹೆ ಕೊಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ವಿದೇಶ ಅಂದರೆ ಬಹಳ ದೊಡ್ಡದಾಯಿತು. ನಾನು ನ್ಯೂಜಿಲೆಂಡಿನ ದಕ್ಷಿಣ ದ್ವೀಪದ ಮಾತಷ್ಟೇ ಆಡುತ್ತೇನೆ. ಅಲ್ಲಿ ಮೂರು ಸಲ ಗಾಡಿ ಓಡಿಸಿದ್ದೇನೆ. ಮಗನೋ ಮಗಳೋ ಆ ಕಡೆ ಕೆಲಸದಲ್ಲಿದ್ದು, ಅವರನ್ನು ನೋಡಲು ಹೋಗಿ ತಿಂಗಳುಗಟ್ಟಲೆ ಟಿವಿ ನೋಡಿಕೊಂಡು ಕೂರುತ್ತೀರಲ್ಲ, ಆ ನಿವೃತ್ತ ದಂಪತಿಗಳಿಗೆ ಈ ಮಾತು.

ಮೋಟರ್‌ಹೋಮ್ ಅಂದರೆ ಚಕ್ರದ ಮೇಲಿನ ಮನೆ. ಹಾಸಿಗೆ, ಒಲೆ, ಫ್ರಿಜ್, ಸಿಂಕು, ಒಂದು ಪುಟ್ಟ ಪಾಯಖಾನೆ, ಎಲ್ಲ ಅದರೊಳಗೇ. ಅಲ್ಲೂ ನಮ್ಮ ಹಾಗೆ ರಸ್ತೆಯ ಎಡಬದಿಗೇ ಓಡಿಸುವುದು. ಆದ್ದರಿಂದ ಹೆದರಬೇಡಿ. ನಾನು ಹೇಳಬೇಕಾದ್ದು ಒಂದೇ ಮಾತು: ಹೊರಡುವ ಮುಂಚೆ ಗಾಡಿಗೆ ಒಂದು ಪ್ರದಕ್ಷಿಣೆ ಹಾಕಿ. ಹೊರಗೊಂದು, ಒಳಗೊಂದು. ಪ್ರತಿ ಸಲ. ಪೆಟ್ರೋಲ್ ಬಂಕಿನಲ್ಲಿ ಐದು ನಿಮಿಷ ನಿಂತಿದ್ದರೂ ಸರಿಯೇ.

ಇದು ನನಗೆ ಹೇಗೆ ತಿಳಿಯಿತು ಅಂತ ಹೇಳಿಬಿಡುತ್ತೇನೆ.

ಕ್ರೈಸ್ಟ್‌ಚರ್ಚಿನಿಂದ ಮೂರು ಗಂಟೆ ದಾರಿಯಲ್ಲಿ ಟೆಕಾಪೊ ಅಂತ ಒಂದು ಸರೋವರ. ಹಿಮನದಿ ಬಂಡೆಯನ್ನು ಹಿಟ್ಟಿನಂತೆ ಅರೆದು ನೀರಿಗೆ ಬೆರೆಸುವುದರಿಂದ ಆ ನೀರಿಗೆ ಹಾಲು ಬೆರೆಸಿದ ನೀಲಿ ಬಣ್ಣ. ದಡದಲ್ಲಿ 1935ರ ಒಂದು ಚಿಕ್ಕ ಕಲ್ಲಿನ ಚರ್ಚು. ರಾತ್ರಿ ಆಕಾಶ ನೋಡಬೇಕು ನೀವು! ಅಲ್ಲಿ ಬೀದಿದೀಪಗಳಿಗೂ ಕಟ್ಟುಪಾಡು. 2012ರಿಂದ ಆ ಇಡೀ ಪ್ರದೇಶ ಕತ್ತಲೆಯ ಆಕಾಶದ ರಕ್ಷಿತ ವಲಯ. ನಾವು ಕ್ಯಾಂಪಿನಲ್ಲಿ ಗಾಡಿ ನಿಲ್ಲಿಸಿ, ಕಂಬದಿಂದ ಕರೆಂಟಿನ ಕೇಬಲ್ ಎಳೆದು ಸಿಕ್ಕಿಸಿ, ಅನ್ನ ಸಾರು ಮಾಡಿಕೊಂಡು ಉಂಡೆವು.

ಪಕ್ಕದ ಗಾಡಿಯಲ್ಲಿ ಅಲ್ಲಿಯವರೇ ಒಬ್ಬ ಅಜ್ಜ, ಅಜ್ಜಿ. ಆ ಅಜ್ಜ ಸಂಜೆ ಸ್ವಲ್ಪ ದೂರ ಹೋಗಿಬರಲು ಹೊರಟವನು, ಕೈಯಲ್ಲಿ ಟೀ ಲೋಟ ಹಿಡಿದು ತನ್ನ ಗಾಡಿಯನ್ನು ನಿಧಾನವಾಗಿ ಸುತ್ತುತ್ತಿದ್ದ. ಇಲ್ಲಿ ಮುಟ್ಟುತ್ತಾನೆ, ಅಲ್ಲಿ ಬಗ್ಗುತ್ತಾನೆ, ಮೇಲೆ ನೋಡುತ್ತಾನೆ. "ನೋಡ್ರೀ, ಅಶ್ವತ್ಥಕಟ್ಟೆ ಸುತ್ತಿದ ಹಾಗೆ ಸುತ್ತುತ್ತಾನೆ" ಅಂದರು ನಮ್ಮ ಮನೆಯವರು. ಇಬ್ಬರೂ ನಕ್ಕೆವು.

ಮರುದಿನ ಬೆಳಿಗ್ಗೆ ಅವಸರ. ಮೋಡ ಕವಿಯುವ ಮುಂಚೆ ಅಓರಕಿ ಪರ್ವತ ನೋಡಬೇಕು. 3724 ಮೀಟರ್ ಎತ್ತರ, ಆ ದೇಶಕ್ಕೇ ದೊಡ್ಡದು. ಹತ್ತಿ ಕೂತೆ, ಗಾಡಿ ಚಾಲೂ ಮಾಡಿದೆ, ಬಿಟ್ಟೆ. ನಾಲ್ಕು ಮಾರು ಹೋಗಿಲ್ಲ, ಫಟ್ ಅಂತ ಸದ್ದು. ಕನ್ನಡಿಯಲ್ಲಿ ನೋಡಿದರೆ ಆ ಅಜ್ಜ ಚಪ್ಪಲಿಯಲ್ಲೇ ಕೈ ಬೀಸುತ್ತ ಓಡಿ ಬರುತ್ತಿದ್ದಾನೆ, ಅವನ ಮುಂದೆ ನಮ್ಮ ಕರೆಂಟಿನ ಕೇಬಲ್ ಕೇರೆಹಾವಿನಂತೆ ನೆಲದ ಮೇಲೆ ಹರಿದುಬರುತ್ತಿದೆ! ಮೂವತ್ತೊಂದು ವರ್ಷ ಎಲೆಕ್ಟ್ರಿಕಲ್ ಎಂಜಿನಿಯರ್ ಆಗಿದ್ದವನು ನಾನು. ಎಷ್ಟು ಜನ ಲೈನ್‌ಮನ್‌ಗಳನ್ನು ಗದರಿಸಿಲ್ಲ!

ಗಾಬರಿಯಲ್ಲಿ ಬ್ರೇಕ್ ಒತ್ತಿದೆ. ಫ್ರಿಜ್ಜಿನ ಚಿಲಕ ಹಾಕಿರಲಿಲ್ಲ. ಎರಡು ಲೀಟರ್ ಮೊಸರು ಹಾಸಿಗೆಯಿಂದ ಹಿಡಿದು ನನ್ನ ಸೀಟಿನ ತನಕ. ತಿರುಗಿ ನೋಡುವ ಧೈರ್ಯವಾಗಲಿಲ್ಲ ನನಗೆ. ಫ್ರಿಜ್ಜಿಗಲ್ಲ, ಹೆಂಡತಿಯ ಮುಖಕ್ಕೆ ಹೆದರಿ. ಆ ಹುಳಿ ವಾಸನೆ ಆರು ದಿನ ನಮ್ಮ ಜೊತೆ ಪ್ರವಾಸ ಮಾಡಿತು.

ಅಜ್ಜ ಬೈಯಲಿಲ್ಲ. ನನ್ನ ತೋಳು ಹಿಡಿದು ಇಳಿಸಿ, ನಮ್ಮ ಗಾಡಿಯನ್ನು ಸುತ್ತಿಸಿದ. ಕೇಬಲ್ ತೆಗೆದೆಯಾ, ಗ್ಯಾಸ್ ಸಿಲಿಂಡರ್ ಮುಚ್ಚಿದೆಯಾ, ನೀರಿನ ಪೈಪ್ ಸುತ್ತಿಟ್ಟೆಯಾ, ಮೆಟ್ಟಿಲು ಒಳಗೆ ಮಡಚಿದೆಯಾ, ತಲೆಯ ಮೇಲಿನ ಗವಾಕ್ಷಿ ಮುಚ್ಚಿದೆಯಾ. ಆಮೇಲೆ ಒಳಗೆ: ಡ್ರಾಯರು, ಕಪಾಟು, ಫ್ರಿಜ್. ಯಾವಾಗಲೂ ಒಂದೇ ದಿಕ್ಕಿನಲ್ಲಿ ಸುತ್ತಬೇಕಂತೆ, ಇಲ್ಲದಿದ್ದರೆ ಏನೋ ಒಂದು ಬಿಟ್ಟುಹೋಗುತ್ತದಂತೆ. ನಾವು ಬಲಕ್ಕೆ ಸುತ್ತುವವರು, ನಮಗೆ ಹೇಳಿಕೊಡಬೇಕೇ! ಆದರೂ ಹೇಳುತ್ತಿದ್ದೇನೆ, ಪ್ರದಕ್ಷಿಣೆ ಹಾಕಿ.

ಅಯ್ಯೋ, ಕೊಟ್ಟ ಸಮಯ ಆಗಲೇ ಮುಕ್ಕಾಲು ಕಳೆಯಿತು. ಉಳಿದದ್ದು ಬೇಗ ಹೇಳುತ್ತೇನೆ.

ಎಲ್ಲರೂ ಪಿಸುಮಾತಿನಲ್ಲಿ ಕೇಳುವುದು ಪಾಯಖಾನೆ ವಿಷಯ. ಕೆಳಗೊಂದು ಡಬ್ಬಿ ಇರುತ್ತದೆ, ಸೂಟ್‌ಕೇಸಿನ ಹಾಗೆ ಎಳೆದುಕೊಂಡು ಹೋಗಿ, ಅದಕ್ಕೆಂದೇ ಮಾಡಿದ ಗುಂಡಿಗೆ ಸುರಿಯಬೇಕು. ಊರೂರಲ್ಲಿ ಈ ವ್ಯವಸ್ಥೆ ಇದೆ. ಎರಡು ದಿನಕ್ಕೊಮ್ಮೆ ಸುರಿಯಿರಿ, ತುಂಬುವ ತನಕ ಕಾಯಬೇಡಿ. ಅಸಹ್ಯ ಅನ್ನುವವರು ಹೋಟೆಲಿನಲ್ಲಿ ಇಳಿದುಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ.

ಸುಂದರ ಜಾಗ ಕಂಡಲ್ಲೆಲ್ಲ ರಾತ್ರಿ ತಂಗುವ ಹಾಗಿಲ್ಲ. 2023ರಲ್ಲಿ ಕಾನೂನು ಬಿಗಿಯಾಗಿದೆ. ಗಾಡಿಯಲ್ಲೇ ಭದ್ರವಾಗಿ ಕೂರಿಸಿದ ಪಾಯಖಾನೆ ಇರಬೇಕು, ಗಾಡಿಗೆ ಹಸಿರು ಪ್ರಮಾಣಪತ್ರ ಅಂಟಿಸಿರಬೇಕು. ಅಷ್ಟಿದ್ದರೂ ಬೋರ್ಡು ಓದಿಯೇ ನಿಲ್ಲಿಸಿ, ಇಲ್ಲದಿದ್ದರೆ ದಂಡ.

ಸೇತುವೆಗಳಲ್ಲಿ ಎಷ್ಟೋ ಒಂದೇ ಗಾಡಿ ಹಿಡಿಸುವಂಥವು. ಅಲ್ಲಿನ ಬೋರ್ಡಿನಲ್ಲಿ ನಿಮ್ಮ ಕಡೆಯ ಬಾಣ ಚಿಕ್ಕದಾಗಿ, ಕೆಂಪಾಗಿದ್ದರೆ ನೀವೇ ನಿಲ್ಲಬೇಕು. ಹಾರ್ನ್ ಹೊಡೆದು ನುಗ್ಗುವುದು ನಮ್ಮೂರಿಗೇ ಇರಲಿ. ನಿಮ್ಮ ಗಾಡಿ ಮೂರು ಮೀಟರಿಗಿಂತ ಎತ್ತರ ಇರಬಹುದು, ಅಲ್ಲಿ ಪೇಟೆಯ ಅಂಗಡಿಗಳ ಜಗಲಿಚಪ್ಪರ ರಸ್ತೆಯ ಅಂಚಿನ ತನಕ ಚಾಚಿಕೊಂಡಿರುತ್ತದೆ. ಡೀಸೆಲ್ ಗಾಡಿಗೆ ಕಿಲೋಮೀಟರ್ ಲೆಕ್ಕದಲ್ಲಿ ರಸ್ತೆ ತೆರಿಗೆ ಬೇರೆ ಉಂಟು, ಬಾಡಿಗೆ ಮಾತಾಡುವಾಗಲೇ ಕೇಳಿಕೊಳ್ಳಿ. ದಕ್ಷಿಣದಿಂದ ಉತ್ತರ ದ್ವೀಪಕ್ಕೆ ದೋಣಿಯಲ್ಲಿ ಮೂರೂವರೆ ಗಂಟೆ. ಗಾಡಿ ಹತ್ತಿಸುವ ಮುಂಚೆ ಗ್ಯಾಸ್ ಮುಚ್ಚಿರಬೇಕು. ಪ್ರದಕ್ಷಿಣೆ ಹಾಕಿದ್ದರೆ ಅದು ಆಗಲೇ ಮುಚ್ಚಿರುತ್ತದೆ!

ಇನ್ನು ಊಟ. ಜೇನುತುಪ್ಪ, ಹಸಿ ಕರಿಬೇವು ಒಯ್ಯಲೇಬೇಡಿ. ಚಟ್ನಿಪುಡಿ, ಸಾರಿನಪುಡಿ ಏನೇ ಇದ್ದರೂ ವಿಮಾನ ನಿಲ್ದಾಣದಲ್ಲಿ ಬರೆದು ತೋರಿಸಿ. ಮುಚ್ಚಿಟ್ಟರೆ ನಿಂತ ಕಾಲಲ್ಲೇ 400 ಡಾಲರ್ ದಂಡ. ಗಾಡಿಯೊಳಗೆ ಒಗ್ಗರಣೆ ಹಾಕಬೇಡಿ, ಮೆಣಸಿನಕಾಯಿ ಘಾಟಿಗೆ ಹೊಗೆ ಅಲಾರಾಂ ಕೂಗಿ ಇಡೀ ಕ್ಯಾಂಪು ಎದ್ದು ಕೂರುತ್ತದೆ. ದೊಡ್ಡ ಕ್ಯಾಂಪುಗಳಲ್ಲಿ ಎಲ್ಲರಿಗೂ ಸೇರಿ ಒಂದು ಅಡಿಗೆಮನೆ ಇರುತ್ತದೆ, ಒಗ್ಗರಣೆ ಅಲ್ಲಿ ಹಾಕಿ.

ಕೊನೆಯದಾಗಿ, ಪಶ್ಚಿಮ ಕರಾವಳಿಯಲ್ಲಿ ಒಂದು ಕಪ್ಪು ನೊಣ. ಸಾಸಿವೆಕಾಳಿನಷ್ಟೇ ಇರುತ್ತದೆ, ಕಚ್ಚಿದರೆ ವಾರ ತುರಿಕೆ. ತುಂಬುತೋಳಿನ ಅಂಗಿ, ಕಾಲುಚೀಲ ಹಾಕಿಕೊಂಡೇ ಇಳಿಯಿರಿ. ಸೀರೆ ಉಡುವವರೂ ಕಾಲುಚೀಲ ಹಾಕಿಕೊಳ್ಳಿ, ಅಲ್ಲಿ ನಿಮ್ಮನ್ನು ನೋಡಿ ನಗುವವರು ಯಾರೂ ಇಲ್ಲ.

ನಮಸ್ಕಾರ.