ಸುಳಿವು ಕೊಟ್ಟವಳ ಹೆಸರೇ ಇಲ್ಲ

ನಮಸ್ಕಾರ. ಉಡುಪಿಯಲ್ಲಿ ಈ ಮಳೆಗೆ ರಾತ್ರಿಯಿಡೀ ಕರೆಂಟ್ ಇದ್ದರೆ ಅದೇ ಪುಣ್ಯ. ಹಾಗೆ ಕರೆಂಟ್ ಉಳಿದ ಒಂದು ರಾತ್ರಿ 1947ರ 'ಔಟ್ ಆಫ್ ದ ಪಾಸ್ಟ್' ಮತ್ತೆ ನೋಡಿದೆ. ಹಳೇ ಕಪ್ಪು-ಬಿಳುಪು ಕ್ರೈಂ ಚಿತ್ರ.

ಪತ್ತೇದಾರ ರಾಬರ್ಟ್ ಮಿಚಮ್ ಓಡಿಹೋದ ಹೆಂಗಸೊಬ್ಬಳನ್ನು ಹುಡುಕುತ್ತಿದ್ದಾನೆ. ಅವಳ ಮನೆಕೆಲಸದವಳನ್ನು ಕೇಳಲು ಕಪ್ಪು ಜನರ ನೈಟ್‌ಕ್ಲಬ್‌ಗೆ ಹೋಗುತ್ತಾನೆ. ಈ ಕೆಲಸದವಳು ಏಪ್ರನ್ ಕಟ್ಟಿಕೊಂಡು ತಲೆ ತಗ್ಗಿಸಿ ನಿಂತಿಲ್ಲ. ಚೆಂದ ಉಡುಪು ಹಾಕಿಕೊಂಡು, ತನ್ನವನ ಜೊತೆ ಸಂಜೆ ಕಳೆಯಲು ಬಂದಿದ್ದಾಳೆ. ಯಜಮಾನಿ ಫ್ಲಾರಿಡಾಕ್ಕೆ ಹೋದಳು ಅನ್ನುತ್ತಾಳೆ, ಮಾತಿನ ನಡುವೆ ಲಸಿಕೆ ಹಾಕಿಸಿಕೊಂಡ ವಿಷಯವೂ ಬರುತ್ತದೆ. ಫ್ಲಾರಿಡಾಕ್ಕೆ ಲಸಿಕೆ ಯಾಕೆ? ಮೆಕ್ಸಿಕೋಗಾದರೆ ಬೇಕು. ಅಷ್ಟೇ, ಅವನು ಮೆಕ್ಸಿಕೋಗೆ ಹೊರಟ, ಕಥೆಯೂ ಹೊರಟಿತು. ಅವಳು ಮಾತ್ರ ಅಲ್ಲೇ ಉಳಿದಳು. ಆ ನಟಿ ತೆರೆಸಾ ಹ್ಯಾರಿಸ್. ಪಾತ್ರವರ್ಗದಲ್ಲಿ ಅವರ ಹೆಸರೇ ಇಲ್ಲ ಮಾರಾಯ್ರೆ!

ಆ ಕಾಲದ ಹಾಲಿವುಡ್‌ಗೆ ಒಂದು ನೀತಿಸಂಹಿತೆ ಇತ್ತು. 1934ರಿಂದ ಅದು ಬಿಗಿಯಾಯಿತು. ಕಪ್ಪು-ಬಿಳಿ ಜನರ ನಡುವಿನ ಪ್ರೇಮ ತೋರಿಸುವಂತಿಲ್ಲ ಅನ್ನುವುದೂ ಅದರಲ್ಲಿತ್ತು. ಕೊಲೆ ತೋರಿಸಬಹುದು, ಪ್ರೀತಿ ಆಗದು. ಬೇರೆ ಜನಾಂಗದವರ ದೊಡ್ಡ ಪಾತ್ರ ಬಂದರೆ ಎಷ್ಟೋ ಸಲ ಬಿಳಿಯರೇ ಬಣ್ಣ ಬಳಿದುಕೊಂಡು ಮಾಡಿದರು. 1958ರ 'ಟಚ್ ಆಫ್ ಈವಿಲ್' ನನಗೆ ಬಹಳ ಇಷ್ಟ, ಆದರೂ ಅದರಲ್ಲಿ ಚಾರ್ಲ್ಟನ್ ಹೆಸ್ಟನ್ ಮೆಕ್ಸಿಕನ್ ಅಧಿಕಾರಿ ಅಂದರೆ ನಂಬುವುದು ಕಷ್ಟ. ಮರುವರ್ಷವೇ 'ದ ಕ್ರಿಮ್ಸನ್ ಕಿಮೋನೋ' ಬಂತು. ಜಪಾನಿ ಮೂಲದ ಪತ್ತೇದಾರನ ಪಾತ್ರಕ್ಕೆ ಅದೇ ಮೂಲದ ಜೇಮ್ಸ್ ಶಿಗೆಟಾ. ಕೊನೆಗೆ ಬಿಳಿಯ ಹುಡುಗಿ ಒಲಿಯುವುದು ಬಿಳಿಯ ಗೆಳೆಯನಿಗಲ್ಲ, ಇವನಿಗೆ!

ಅದೇ 1959ರಲ್ಲಿ ಕಪ್ಪು ಗಾಯಕ-ನಟ ಹ್ಯಾರಿ ಬೆಲಫಾಂಟೆ ತಮ್ಮದೇ ಕಂಪನಿಯಿಂದ 'ಆಡ್ಸ್ ಅಗೇನ್ಸ್ಟ್ ಟುಮಾರೋ' ಮಾಡಿದರು. ಮೂವರು ಸೇರಿ ಬ್ಯಾಂಕ್ ದೋಚುವ ಕಥೆ. ಅದರಲ್ಲಿ ಒಬ್ಬ ಬಿಳಿಯನಿಗೆ ಕಪ್ಪು ಜೊತೆಗಾರನ ಮೈಬಣ್ಣ ಕಂಡರಾಗದು, ಅವನನ್ನು ನಂಬಿ ಕಾರಿನ ಕೀಲಿ ಕೊಡಲೂ ಮನಸ್ಸಿಲ್ಲ, ಕೆಲಸ ಅಲ್ಲೇ ಕೆಟ್ಟಿತು. ಕೊನೆಗೆ ಇಬ್ಬರೂ ಸುಟ್ಟುಹೋದ ಮೇಲೆ ಯಾವ ಹೆಣ ಯಾರದೆಂದು ಹೇಳುವವರಿಲ್ಲ.

ಇದೆಲ್ಲ ದೂರದ ಅಮೆರಿಕದ ಮಾತು, ನಮಗೆಂತ ಅಂತೀರಾ? ಕನ್ನಡ ಸಿನಿಮಾದಲ್ಲಿ ನಮ್ಮ ಕರಾವಳಿಯ ಕನ್ನಡ ಎಷ್ಟು ಸಲ ನಗಿಸಲಿಕ್ಕೆ ಮಾತ್ರ ಬಂದಿದೆ, ನೆನಪು ಮಾಡಿಕೊಳ್ಳಿ. ಅಡುಗೆ ಭಟ್ಟ ಬಂದು ಎರಡು ಮಾತಾಡುತ್ತಾನೆ, ಥಿಯೇಟರ್ ನಗುತ್ತದೆ, ಅವನ ಕೆಲಸ ಮುಗೀತು. 2014ರ 'ಉಳಿದವರು ಕಂಡಂತೆ' ಮಲ್ಪೆಯ ಕ್ರೈಂ ಕಥೆ. ಅದರಲ್ಲಿ ಕೊಲ್ಲುವವನೂ, ಅಳುವವಳೂ, ಮೀನಿನ ಕೆಲಸದವನೂ ಇಲ್ಲಿನ ಮಾತೇ ಆಡುತ್ತಾರೆ. ನೋಡುವಾಗ ನನ್ನ ಹಿಂದಿನ ಸೀಟಿನ ಅಜ್ಜಿ ಪಕ್ಕದವಳಿಗೆ ಮೆಲ್ಲಗೆ ಅಂದರು, "ಇವ ನಮ್ಮ ಬಂದರಿನವನ ಹಾಗೇ ಇದ್ದಾನಲ್ಲ!"