ಸಹಿ ಯಾರದ್ದು?

ಅಧ್ಯಕ್ಷರೇ, ಬಡಾವಣೆಯ ಬಂಧುಗಳೇ,

ನನಗೆ ಇಪ್ಪತ್ತು ನಿಮಿಷ ಅಂದಿದ್ದರು. ಸ್ವಾಗತ, ಹಾರ, ಶಾಲು ಸೇರಿ ಆಗಲೇ ಎಂಟು ನಿಮಿಷ ನುಂಗಿಬಿಟ್ಟವು. ಹಾಗಾಗಿ ಊರಿನ ಆಡಳಿತ ಊರಿನವರ ಕೈಗೆ ಕೊಡಿ ಅನ್ನೋ ಸಂವಿಧಾನದ 74ನೇ ತಿದ್ದುಪಡಿಯ ಪಾಠ ಮಾಡೋಕೆ ಹೋಗಲ್ಲ. 1993ರ ಜೂನ್ 1ರಿಂದ ಜಾರಿಯಲ್ಲಿದೆ. ಮೂರು ಲಕ್ಷ ಜನ ಇರುವ ಊರಲ್ಲಿ ವಾರ್ಡ್ ಸಮಿತಿ ಇರಲೇಬೇಕು ಅನ್ನುತ್ತೆ. ಬೆಂಗಳೂರು ಮೂರು ಲಕ್ಷ ದಾಟಿದ್ದು ಯಾವಾಗ ಅಂತ ನಿಮ್ಮ ಅಜ್ಜಿಯನ್ನ ಕೇಳಿ.

ಸಮಿತಿ ಇತ್ತಾ ಅಂತ ಕೇಳಿದರೆ, ಬಿಬಿಎಂಪಿ ಕಾಲದಲ್ಲಿ ಇತ್ತು. ಹತ್ತು ಜನ ಸದಸ್ಯರು, ಅದರಲ್ಲಿ ಮೂವರಾದರೂ ಹೆಂಗಸರು, ಎಲ್ಲರೂ ನಾಮನಿರ್ದೇಶಿತರು. ನಾನೂ ಒಬ್ಬನಾಗಿದ್ದೆ. ತಿಂಗಳ ಮೊದಲ ಶನಿವಾರ ಸಭೆ, ಚಹಾ, ಮಾರಿ ಬಿಸ್ಕತ್ತು. ನಾನು ಕೇಳೋದು ಬೇರೆ. ಸಹಿ ಯಾರದ್ದು? ಬಿಲ್ ಪಾಸಾಗೋದು ಯಾರ ಸಹಿಯಿಂದ?

2019ರಲ್ಲಿ ನಮ್ಮ ಕ್ರಾಸ್‌ನಲ್ಲಿ ಹೊಸ ಮೋರಿ ಕಟ್ಟಿದರು. ಮೂಲೆಯಲ್ಲಿ ಒಬ್ಬ ಹೂವಮ್ಮ ಗಾಡಿ ಇಟ್ಟುಕೊಂಡು ಮೂವತ್ತು ವರ್ಷದಿಂದ ಮಲ್ಲಿಗೆ ಮಾರ್ತಾರೆ. ಸಭೆಗೆ ಬಂದು, 'ಮೋರಿ ಇಳಿಜಾರು ಉಲ್ಟಾ ಆಗೈತೆ' ಅಂದರು. ಇಂಜಿನಿಯರ್ ಸಾಹೇಬರು ನಕ್ಕರು. 'ಅಮ್ಮಾ, ಡ್ರಾಯಿಂಗ್‌ನಲ್ಲಿ ಸರಿ ಇದೆ.' ಈಯಮ್ಮ ಬಿಡಬೇಕಲ್ಲ! 'ಬನ್ನಿ ಸ್ವಾಮಿ' ಅಂತ ನಮ್ಮನ್ನೆಲ್ಲ ಎಬ್ಬಿಸಿಕೊಂಡು ಹೋದರು. ಹೂವಿಗೆ ಚಿಮುಕಿಸೋಕೆ ಇಟ್ಟಿದ್ದ ಪ್ಲಾಸ್ಟಿಕ್ ಬಿಂದಿಗೆ ಎತ್ತಿ ಮೋರಿಗೆ ಸುರಿದರು. ನೀರು ಒಂದು ಕ್ಷಣ ನಿಂತಿತು, ಯೋಚನೆ ಮಾಡೋ ಹಾಗೆ. ಆಮೇಲೆ ನಿಧಾನವಾಗಿ, ಒಂದು ಬಾಡಿದ ಸೇವಂತಿಗೆಯನ್ನೂ ಹೊತ್ತುಕೊಂಡು, ಸಾಹೇಬರ ಬೂಟಿನ ಕಡೆಗೇ ವಾಪಸ್ ಬಂತು. ಸಾಹೇಬರು ಮತ್ತೆ ಡ್ರಾಯಿಂಗ್ ಬಿಚ್ಚಿದರು. ಆಗ ಆಕೆ ಅಂದಿದ್ದು: 'ಹಂಗಾರೆ ಆ ಕಾಗ್ದದ ಮ್ಯಾಲೇ ಹರೀಲಿ ಬುಡಿ, ನನ್ ಗಾಡಿ ಕೆಳಕ್ಕೆ ಯಾಕ್ ಬತ್ತೈತೆ?'

ನಗಬೇಡಿ, ಮುಂದೆ ಕೇಳಿ. ಸಮಿತಿ ಒಮ್ಮತದಿಂದ ತೀರ್ಮಾನ ಮಾಡಿತು, ನಡಾವಳಿಯಲ್ಲಿ ಬರೆಯಿತು. ನಾನೇ ಬರೆದೆ, ಕಾಗುಣಿತ ತಪ್ಪಿಲ್ಲದೆ. ಮುಂದಿನ ಶನಿವಾರ: 'ವಲಯ ಕಚೇರಿಗೆ ಕಳಿಸಿದೀವಿ.' ಅದರ ಮುಂದಿನದು: 'ಕೇಂದ್ರ ಕಚೇರಿಯಲ್ಲಿದೆ.' ನಾಲ್ಕನೇ ತಿಂಗಳು: 'ಕಾಂಟ್ರಾಕ್ಟರ್‌ಗೆ ಫೈನಲ್ ಬಿಲ್ ಆಗಿದೆ, ಇನ್ನು ಹೊಸ ಎಸ್ಟಿಮೇಟೇ ಆಗಬೇಕು.' ಕಣ್ಣಾರೆ ನೋಡಿದ ಹತ್ತು ಜನರ ಸಹಿಗೆ ಬೆಲೆ ಇಲ್ಲ, ನೋಡದವರ ಸಹಿಗೆ ದುಡ್ಡು ಬಿಡುಗಡೆ! ಹೂವಮ್ಮ ಗಾಡಿ ಚಕ್ರದ ಕೆಳಗೆ ಎರಡು ಸೈಜುಗಲ್ಲು ಇಟ್ಟುಕೊಂಡರು. ಈಗಲೂ ಇವೆ, ಹೋಗ್ತಾ ನೋಡಿ.

ಅಧಿಕಾರ ಕೆಳಕ್ಕೆ ಕೊಡೋದು ಆಗದ ಕೆಲಸ ಅನ್ನಬೇಡಿ. ನಮ್ಮ ರಾಜ್ಯದ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಮಾಡಿ ತೋರಿಸಿದ್ದರು. ಹಳ್ಳಿಹಳ್ಳಿಗೆ ಬೋರ್‌ವೆಲ್ ಹಾಕಿಸಿ 'ನೀರ್ ಸಾಬ್' ಅನ್ನಿಸಿಕೊಂಡವರು. 1983ರ ಪಂಚಾಯತಿ ಕಾಯಿದೆ, 1987ರಲ್ಲಿ ಚುನಾವಣೆ, ಹೆಂಗಸರಿಗೆ ಕಾಲು ಭಾಗ ಮೀಸಲು. ಜಿಲ್ಲಾ ಪರಿಷತ್ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಅವರ ಕೈಕೆಳಗಿನ ಮುಖ್ಯ ಕಾರ್ಯದರ್ಶಿ ಡಿಸಿಗಿಂತ ಹಿರಿಯ ಅಧಿಕಾರಿ. ಇಲಾಖೆಗಳ ಕಡತ ಜಿಲ್ಲೆಗೇ ಬಂದವು. ಅಂದರೆ ಸಹಿ ಕೆಳಗಿಳಿದಿತ್ತು! ಹಳ್ಳಿಗೆ ಅಷ್ಟು ಕೊಡಬಹುದಾದರೆ ಸಿಟಿಯವರು ಏನು ಪಾಪ ಮಾಡಿದ್ದೇವೆ? ಪಕ್ಕದ ಕೇರಳದಲ್ಲಿ 1996ರಲ್ಲಿ ಯೋಜನೆಯ ಹಣದಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಸ್ಥಳೀಯ ಸಂಸ್ಥೆಗಳಿಗೆ ಬಿಟ್ಟರು. ಮೊದಲು ದುಡ್ಡು ಬಿಟ್ಟರು, ಆಮೇಲೆ ಜನ ಕಲಿತರು. ನಮ್ಮಲ್ಲಿ 'ಜನ ಇನ್ನೂ ತಯಾರಿಲ್ಲ' ಅಂತಾರೆ. ಬಿಂದಿಗೆ ಎತ್ತಿ ತೋರಿಸಿದ ಮೇಲೂ.

(ಚೀಟಿ ಬಂತು. 'ಐದು ನಿಮಿಷ.' ಆಯ್ತು ಸ್ವಾಮಿ.)

ಎರಡನೇ ವಿಷಯ, ಚುನಾವಣೆ. 2020ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಕೌನ್ಸಿಲ್ ಅವಧಿ ಮುಗೀತು. 198 ವಾರ್ಡ್ 243 ಅಂದರು, 225 ಅಂದರು, ಆಮೇಲೆ ಪಾಲಿಕೆಯೇ ಐದಾಯ್ತು. 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆಗಳು ಹುಟ್ಟಿದಾಗ ಒಂದರಲ್ಲೂ ಒಬ್ಬ ಕಾರ್ಪೊರೇಟರ್ ಇರಲಿಲ್ಲ. ತೊಟ್ಟಿಲು ಐದು, ಮಗು ಇಲ್ಲ. ನಮ್ಮ ಶನಿವಾರದ ಸಭೆಗೆ ಅಧ್ಯಕ್ಷರಾಗಬೇಕಾದ ಕಾರ್ಪೊರೇಟರೇ ಇಲ್ಲದೆ ನೋಡಲ್ ಅಧಿಕಾರಿ ಬಂದರು, ಬಿಸ್ಕತ್ತೂ ನಿಂತಿತು.

ಮೂರನೆಯದು ಏರಿಯಾ ಸಭೆ, ಅಂದರೆ ವಾರ್ಡಿಗಿಂತ ಕೆಳಗೆ ಮತದಾರರೇ ಕೂರುವ ಸಭೆ. ಪಾಲಿಕೆ ಕಾಯಿದೆಗೆ 2011ರಲ್ಲಿ ಮಾಡಿದ ತಿದ್ದುಪಡಿಯಲ್ಲೇ ಬಂದಿತ್ತು, ನಿಮ್ಮಲ್ಲಿ ಎಷ್ಟು ಜನ ಹೋಗಿದ್ದೀರಿ, ಕೈ ಎತ್ತಿ. ...ಆ ಒಂದು ಕೈ ಫ್ಯಾನ್ ಜಾಸ್ತಿ ಮಾಡಿ ಅಂತ ಇರಬೇಕು. ನಾಲ್ಕನೆಯದು ಆಸ್ತಿ ತೆರಿಗೆಯಲ್ಲಿ ವಾರ್ಡಿನ ಪಾಲು. ಅದಕ್ಕೆ ಅಂಕಿ ಅಂಶ ತಂದಿದ್ದೆ, ಚೀಲದಲ್ಲೇ ಉಳೀತು.

ಬಾಗಿಲ ಹತ್ತಿರ ಮೇಜಿನ ಮೇಲೆ ಅರ್ಜಿ ಇದೆ. ಮೋರಿ ಕೆಲಸಕ್ಕೆ ವಾರ್ಡ್ ಸಮಿತಿ ಒಪ್ಪಿಗೆ ಇಲ್ಲದೆ ಫೈನಲ್ ಬಿಲ್ ಕೊಡಬಾರದು, ಅಷ್ಟೇ ಕೇಳಿದ್ದೀವಿ. ಮೊದಲ ಹೆಬ್ಬೆಟ್ಟು ಹೂವಮ್ಮನದು. ಪೆನ್ನು ಮಾತ್ರ ಅಲ್ಲೇ ಇಟ್ಟು ಹೋಗಿ, ಹೋದ ಸಲ ಮೂರು ಹೋದವು.