ಬೀದಿ ಖಾಲಿಯಾಯಿತು, ಯುದ್ಧ ಮುಗಿದಿರಲಿಲ್ಲ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಜನ ಬೀದಿಗಿಳಿದು ವಿಯಟ್ನಾಂ ಯುದ್ಧ ನಿಲ್ಲಿಸಿದರು ಎಂಬ ಮಾತಿದೆ. ಲೆಕ್ಕ ಅಷ್ಟು ಸಲೀಸಾಗಿಲ್ಲ. 1969ರ ನವೆಂಬರ್ 15ರಂದು ವಾಷಿಂಗ್ಟನ್‌ನಲ್ಲಿ ಸೇರಿದವರು ಎರಡೂವರೆ ಲಕ್ಷಕ್ಕೂ ಮೇಲೆ. 1972ರ ಡಿಸೆಂಬರಿನಲ್ಲಿ ಅಮೆರಿಕದ ಬಿ-52 ವಿಮಾನಗಳು ಉತ್ತರ ವಿಯಟ್ನಾಂ ರಾಜಧಾನಿ ಹನೋಯ್ ಸುತ್ತಮುತ್ತ ಹನ್ನೊಂದು ದಿನ ಬಾಂಬು ಸುರಿದಾಗ ಅಂಥ ಜನಸಾಗರ ಕಾಣಲಿಲ್ಲ. ಮುಂದಿನ ತಿಂಗಳು ಅಧ್ಯಕ್ಷ ನಿಕ್ಸನ್ ಪ್ರಮಾಣವಚನದ ದಿನ ಹತ್ತಾರು ಸಾವಿರ ಮಂದಿ ಬಂದರು, ಅಷ್ಟೇ.

ಜನ ಯುದ್ಧವನ್ನು ಒಪ್ಪಿಕೊಂಡರೇ? ಇಲ್ಲ. ‘ಸೈನ್ಯ ಕಳಿಸಿದ್ದೇ ತಪ್ಪು’ ಎಂದವರು ಗ್ಯಾಲಪ್ ಸಮೀಕ್ಷೆಯಲ್ಲಿ 1965ರ ಆಗಸ್ಟಿನಲ್ಲಿ ಶೇ. 24 ಇದ್ದರು, 1971ರ ಮೇ ಹೊತ್ತಿಗೆ ಶೇ. 61. ಅಸಮ್ಮತಿ ಏರಿತು, ಬೀದಿಯ ಕಾವು ಇಳಿಯಿತು.

ಕಾರಣದ ಒಂದು ಎಳೆ 1969ರ ಡಿಸೆಂಬರ್ 1ರ ರಾತ್ರಿಯಲ್ಲಿದೆ. ಅಲ್ಲಿಯವರೆಗೆ ಕಡ್ಡಾಯ ಸೇನಾ ಭರ್ತಿಯ ಭಯ ಹುಡುಗರನ್ನು ಇಪ್ಪತ್ತಾರು ತುಂಬುವವರೆಗೂ ಬಿಡುತ್ತಿರಲಿಲ್ಲ. ಆ ರಾತ್ರಿ ವರ್ಷದ 366 ತಾರೀಖುಗಳನ್ನು ನೀಲಿ ಪ್ಲಾಸ್ಟಿಕ್ ಕ್ಯಾಪ್ಸೂಲುಗಳಲ್ಲಿಟ್ಟು, ಗಾಜಿನ ಜಾಡಿಯಿಂದ ಒಂದೊಂದಾಗಿ ಎತ್ತಿದರು. ಮೊದಲು ಬಂದದ್ದು ಸೆಪ್ಟೆಂಬರ್ 14. 1944ರಿಂದ 1950ರೊಳಗೆ ಆ ತಾರೀಖಿನಂದು ಹುಟ್ಟಿದ ಗಂಡುಮಕ್ಕಳಿಗೆಲ್ಲ ಒಂದನೇ ನಂಬರು. ನಂಬರು ಚಿಕ್ಕದಾದಷ್ಟೂ ಸೇನೆಯ ಕರೆ ಬೇಗ. ತಿಂಗಳ ಸರದಿಯಲ್ಲಿ ತುಂಬಿದ್ದ ಕ್ಯಾಪ್ಸೂಲುಗಳನ್ನು ಸರಿಯಾಗಿ ಕಲಸಿರಲಿಲ್ಲ; ವರ್ಷದ ಕೊನೆಯಲ್ಲಿ ಹುಟ್ಟಿದವರಿಗೇ ಚಿಕ್ಕ ನಂಬರುಗಳು ಹೆಚ್ಚಾಗಿ ಬಿದ್ದವು. ಮರುವರ್ಷ ತಾರೀಖಿಗೊಂದು, ನಂಬರಿಗೊಂದು ಎಂದು ಎರಡು ಡ್ರಮ್ ಇಟ್ಟರು.

ಲಾಟರಿಯ ಎಡವಟ್ಟಿಗಿಂತ ಅದರ ಫಲ ದೊಡ್ಡದು. ಕರೆ 195ನೇ ನಂಬರಿಗೆ ನಿಂತಿತು. ಉಳಿದ 171 ತಾರೀಖುಗಳವರು ಬಚಾವಾದರು. ಭಯದ ಅವಧಿಯೂ ಒಂದೇ ವರ್ಷಕ್ಕಿಳಿಯಿತು. ಮುಂದಿನ ಲಾಟರಿಯಲ್ಲಿ 125, ಅದರ ಮುಂದಿನದರಲ್ಲಿ 95ಕ್ಕೇ ಕರೆ ನಿಂತಿತು. ಕಾಲೇಜು ಹಾಸ್ಟೆಲಿನ ಒಂದೇ ಕೋಣೆಯ ಇಬ್ಬರ ಹಿತಾಸಕ್ತಿ ಬೇರೆಬೇರೆಯಾಯಿತು. ಇದು ನ್ಯಾಯದ ಸುಧಾರಣೆ ನಿಜ. ರಾಜಕೀಯವಾಗಿ ನಿಕ್ಸನ್‌ಗೆ ಇದಕ್ಕಿಂತ ಅನುಕೂಲದ ಸುಧಾರಣೆ ಇರಲಿಲ್ಲ.

ಜೊತೆಗೆ ಸೈನಿಕರು ಮನೆಗೆ ಮರಳುತ್ತಿದ್ದರು. 1969ರ ಏಪ್ರಿಲಿನಲ್ಲಿ 5,43,000 ಇದ್ದ ಪಡೆ 1972ರ ಕೊನೆಗೆ 24,000. 1968ರಲ್ಲಿ ಸತ್ತ ಅಮೆರಿಕನ್ನರು 16,899, 1971ರಲ್ಲಿ 2,414. ನೆಲದ ಹೊಣೆ ದಕ್ಷಿಣ ವಿಯಟ್ನಾಂ ಸೈನ್ಯದ ಹೆಗಲಿಗೆ, ಆಕಾಶ ಅಮೆರಿಕಕ್ಕೆ. ಸಾವು ನಿಲ್ಲಲಿಲ್ಲ, ಸಾಯುವವರು ಬದಲಾದರು.

ಇಳಿತವೇನೂ ನೇರ ಗೆರೆಯಲ್ಲ. 1970ರ ಮೇ 4ರಂದು ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಯುದ್ಧ ವಿರೋಧಿ ಪ್ರತಿಭಟನೆಯ ವೇಳೆ ನಾಲ್ವರು ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದಾಗ ನೂರಾರು ಕಾಲೇಜುಗಳು ಬಂದ್ ಆದವು. 1971ರ ಏಪ್ರಿಲಿನಲ್ಲೂ ವಾಷಿಂಗ್ಟನ್ ತುಂಬಿತ್ತು. ಆಮೇಲೆ ಆ ಗಾತ್ರ ಮರಳಲಿಲ್ಲ.

1973ರ ಜನವರಿ 27ರಂದು ಕದನ ನಿಲ್ಲಿಸುವ ಪ್ಯಾರಿಸ್ ಒಪ್ಪಂದಕ್ಕೆ ಸಹಿ ಬಿತ್ತು. ಕಡ್ಡಾಯ ಭರ್ತಿ ನಿಂತಿತೆಂಬ ಘೋಷಣೆಯೂ ಅದೇ ದಿನ. ಪಕ್ಕದ ಕಾಂಬೋಡಿಯಾದ ಮೇಲೆ ಅಮೆರಿಕದ ಬಾಂಬು ಬೀಳುವುದು ಮಾತ್ರ ಆಗಸ್ಟ್ 15ರವರೆಗೆ ನಡೆಯಿತು. ಕೊನೆಗೆ ಅದನ್ನು ನಿಲ್ಲಿಸಿದ್ದು ಹಣ ಕೊಡಲು ಒಪ್ಪದ ಅಮೆರಿಕದ ಸಂಸತ್ತು.